ಏರ್‌ಲೈನ್ ಪೈಲಟ್ ಕೆಲಸಕ್ಕೆ ಮತ್ತೆ ಮತ್ತೆ ರಿಜೆಕ್ಟ್: ಮುಂದಿನ ಅರ್ಜಿಗೆ ಮೊದಲು ಏನೇನು ಸರಿಮಾಡಿಕೊಳ್ಳಬೇಕು?

ಪಡುವಣಗಾಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಿಮಾನಯಾನ ನಿರ್ದೇಶನಾಲಯ ಡಿಜಿಸಿಎ ಕೊಡುವ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಇದೆ. ಮಲ್ಟಿ ಎಂಜಿನ್, ಐಆರ್ (ಉಪಕರಣ ನೋಡಿ ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗ್) ಎರಡೂ ಇವೆ. ಒಟ್ಟು 200 ಚಿಲ್ಲರೆ ಗಂಟೆ, ಟೈಪ್ ರೇಟಿಂಗ್ (ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಇಲ್ಲ. ಟ್ರೈನಿ ಫಸ್ಟ್ ಆಫೀಸರ್ ಹುದ್ದೆಗಳಲ್ಲಿ ಲಿಖಿತ ಪರೀಕ್ಷೆ ದಾಟುತ್ತದೆ. ಆಮೇಲೆ ಕೆಲವು ಕಡೆ ಆಪ್ಟಿಟ್ಯೂಡ್‌ನಲ್ಲೇ ನಿಲ್ಲುತ್ತದೆ, ಕೆಲವು ಕಡೆ ಸಿಮ್ (ಸಿಮ್ಯುಲೇಟರ್ ಪರೀಕ್ಷೆ) ಮತ್ತು ಸಂದರ್ಶನ ಮುಗಿದ ಮೇಲೆ ‘ರಿಗ್ರೆಟ್’ ಮೇಲ್ ಬರುತ್ತದೆ. ಕಾರಣ ಮಾತ್ರ ಯಾರೂ ಹೇಳುವುದಿಲ್ಲ. ಮತ್ತೆ ಅರ್ಜಿ ಹಾಕಲು ಎಷ್ಟು ಕಾಯಬೇಕು? ಹಿಂದೆ ರಿಜೆಕ್ಟ್ ಆದದ್ದನ್ನು ಹೇಳಬೇಕೇ? ಕಾಯುವ ಸಮಯದಲ್ಲಿ ಯಾವುದರ ಮೇಲೆ ದುಡ್ಡು, ಯಾವುದರ ಮೇಲೆ ಶ್ರಮ ಹಾಕಿದರೆ ಉಪಯೋಗ? ಬಲ್ಲವರು ತಿಳಿಸಿ.

---

ಲಾಗ್‌ಬುಕ್ ಭಟ್ರು:

ಕಾರಣ ಹೇಳುವುದಿಲ್ಲ, ನಿಜ. ಆದರೆ ಎಲ್ಲಿ ನಿಂತಿತು ಅನ್ನುವುದೇ ಅರ್ಧ ಕಾರಣ ಹೇಳಿಬಿಡುತ್ತದೆ. ಕರೆಯೇ ಬರದಿದ್ದರೆ ಕಾಗದಪತ್ರದ ತೊಂದರೆ. ಆಪ್ಟಿಟ್ಯೂಡ್ ದಿನವೇ ಮನೆಗೆ ಕಳಿಸಿದರೆ ಕೈ, ಕಣ್ಣು, ಬಾಯಿಲೆಕ್ಕದ ತೊಂದರೆ. ಎಲ್ಲ ಮುಗಿದು ಸುಮಾರು ದಿನ ಕಳೆದ ಮೇಲೆ ಮೇಲ್ ಬಂದರೆ ಸಿಮ್ ಅಥವಾ ಸಂದರ್ಶನ ಗಡಿಯಲ್ಲಿತ್ತು, ಇಲ್ಲವೇ ಆ ಬ್ಯಾಚಿನ ಸೀಟು ತುಂಬಿತು. ಯಾವ ಕಂಪನಿ, ಯಾವ ತಿಂಗಳು, ಯಾವ ಹಂತ, ಏನು ಕೇಳಿದರು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಒಂದೇ ಹಂತ ಎರಡು ಸಲ ಕಂಡರೆ ಕೆಲಸ ಅಲ್ಲಿದೆ.

ಕಾಯುವ ಅವಧಿ ಕಂಪನಿಗೊಂದು. ಆರು ತಿಂಗಳು ಸಾಮಾನ್ಯ, ಒಂದು ವರ್ಷ ಕೇಳುವವರೂ ಇದ್ದಾರೆ. ಜಾಹೀರಾತಿನ ಅರ್ಹತೆಯ ಷರತ್ತಿನಲ್ಲೋ ರಿಗ್ರೆಟ್ ಮೇಲ್‌ನ ಕೊನೆಯ ಸಾಲಿನಲ್ಲೋ ಇರುತ್ತದೆ. ಪರೀಕ್ಷೆಯ ದಿನದಿಂದ ಎಣಿಸುತ್ತಾರೋ ಮೇಲ್ ಬಂದ ದಿನದಿಂದಲೋ ಅನ್ನುವುದನ್ನೂ ನೋಡಿಕೊಳ್ಳಿ. ಅವಧಿ ಮುಗಿಯುವ ಮುನ್ನ ಇನ್ನೊಂದು ಇಮೇಲ್‌ನಿಂದ ಹೊಸ ಪ್ರೊಫೈಲ್ ತೆರೆಯುವ ಬುದ್ಧಿವಂತಿಕೆ ಬೇಡ. ಪಾಸ್‌ಪೋರ್ಟ್ ನಂಬರ್, ಲೈಸೆನ್ಸ್ ನಂಬರ್ ಎರಡೂ ಹಳೆಯವೇ ತಾನೆ? ‘ಈ ಹಿಂದೆ ಅರ್ಜಿ ಸಲ್ಲಿಸಿದ್ದೀರಾ’ ಎಂಬ ಕಾಲಂ ಇದ್ದರೆ ಇದ್ದದ್ದನ್ನು ಇದ್ದಂತೆ ತುಂಬಿ. ಹಿಂದೆ ರಿಜೆಕ್ಟ್ ಆದವರನ್ನು ತೆಗೆದುಕೊಳ್ಳುತ್ತಾರೆ, ಮುಚ್ಚಿಟ್ಟವರನ್ನು ಹೊರಗಿಡುತ್ತಾರೆ.

ಇನ್ನು ಕಾಗದ. ಪ್ರತಿಭೆ ಇದ್ದವರೂ ಸುಮ್ಮನೆ ಉದುರುವುದು ಇಲ್ಲೇ.

ಸಿಪಿಎಲ್ ಅವಧಿಯನ್ನು 2023ರ ತಿದ್ದುಪಡಿಯಲ್ಲಿ 5 ವರ್ಷದಿಂದ 10 ವರ್ಷಕ್ಕೆ ಏರಿಸಿದರು. ಅದನ್ನು ನೋಡಿ ‘ಎಲ್ಲ ವ್ಯಾಲಿಡ್’ ಅಂದುಕೊಳ್ಳುವುದು ದೊಡ್ಡ ತಪ್ಪು. ಐಆರ್ 12 ತಿಂಗಳು ಮಾತ್ರ. 40 ವರ್ಷದೊಳಗಿನವರಿಗೆ ಕ್ಲಾಸ್ 1 ಮೆಡಿಕಲ್ (ವೃತ್ತಿಪರ ಪೈಲಟ್‌ಗಳ ವೈದ್ಯಕೀಯ ಪ್ರಮಾಣಪತ್ರ) ಕೂಡ 12 ತಿಂಗಳು. ಇಂಗ್ಲಿಷ್ ಪ್ರಾವೀಣ್ಯ ಲೆವೆಲ್ 4 ಆಗಿದ್ದರೆ 3 ವರ್ಷ, ಲೆವೆಲ್ 5ಕ್ಕೆ 6 ವರ್ಷ, ಲೆವೆಲ್ 6ಕ್ಕೆ ಮತ್ತೆ ಪರೀಕ್ಷೆ ಇಲ್ಲ. ರೇಡಿಯೋ ಬಳಸಲು ಬೇಕಾದ ಎಫ್‌ಆರ್‌ಟಿಒಎಲ್, ಆರ್‌ಟಿಆರ್, ಜೊತೆಗೆ ಪಾಸ್‌ಪೋರ್ಟ್ ಇವನ್ನೂ ಸೇರಿಸಿ ಎಲ್ಲದರ ಕೊನೆಯ ದಿನಾಂಕ ಒಂದೆಡೆ ಬರೆದಿಡಿ. ಸಂದರ್ಶನದ ದಿನಕ್ಕಷ್ಟೇ ಅಲ್ಲ, ತರಬೇತಿ ಶುರುವಾಗುವ ದಿನಕ್ಕೂ ಇವು ಜೀವಂತ ಇರಬೇಕು. ಹಾಗಾಗಿ ಕನಿಷ್ಠ ಆರು ತಿಂಗಳ ಉಸಿರು ಉಳಿದಿರುವಂತೆ ನೋಡಿಕೊಳ್ಳಿ. ಮೆಡಿಕಲ್‌ಗೆ ಕೊನೆಯ ವಾರದ ತನಕ ಕಾಯಬೇಡಿ. ಏನೋ ಒಂದು ರಕ್ತಪರೀಕ್ಷೆ ಹೆಚ್ಚುಕಮ್ಮಿಯಾಗಿ ‘ತಾತ್ಕಾಲಿಕ ಅನರ್ಹ’ ಆದರೆ ಮರುಪರೀಕ್ಷೆಗೆ ವಾರಗಳೇ ಹೋಗುತ್ತವೆ. ಬೆಂಗಳೂರಿನ ಐಎಎಮ್‌ನಂಥ (ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್) ವಾಯುಪಡೆ ಕೇಂದ್ರಕ್ಕೆ ಹೋಗಬೇಕಾಗಿ ಬಂದರಂತೂ ದಿನಾಂಕ ಸಿಗುವುದೇ ಒಂದು ಕೆಲಸ.

ನಮ್ಮ ಕಡೆಯವರಿಗೆ ವಿಶೇಷವಾಗಿ ಕಾಡುವುದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕೆ. ಎಸ್.’ ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಊರು ಮತ್ತು ಅಪ್ಪನ ಹೆಸರಾಗಿರುತ್ತದೆ, ಆಧಾರ್‌ನಲ್ಲಿ ಮೂರನೆಯ ರೂಪ. ಆನ್‌ಲೈನ್ ಅರ್ಜಿಯಲ್ಲಿ ಒಂದು ಬರೆದು ಇನ್ನೊಂದರ ಸ್ಕ್ಯಾನ್ ಹಾಕಿದರೆ ದಾಖಲೆ ತಾಳೆ ನೋಡುವವರು ಬದಿಗಿಡುತ್ತಾರೆ. ಡಿಜಿಸಿಎಯ ಆನ್‌ಲೈನ್ ಪೋರ್ಟಲ್ ಇಜಿಸಿಎಯಲ್ಲಿ ಯಾವ ರೂಪವಿದೆಯೋ ಅದೇ ಎಲ್ಲ ಕಡೆ ಇರಲಿ. ಹೊಂದದಿದ್ದರೆ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ ಮಾಡಿಸಿ ಜೊತೆಗಿಡಿ.

ಲಾಗ್‌ಬುಕ್‌ನಲ್ಲಿ ನೋಡುವುದು ಮೊತ್ತ. ಸಿಪಿಎಲ್‌ಗೆ ಬೇಕಾದ 200ರಲ್ಲಿ 100 ಗಂಟೆ ಪಿಐಸಿ (ವಿಮಾನದ ಹೊಣೆ ಹೊತ್ತು ಹಾರಿದ್ದು), ಅದರಲ್ಲಿ 20 ಗಂಟೆ ಕ್ರಾಸ್‌ಕಂಟ್ರಿ (ಊರಿಂದೂರಿಗೆ ಹಾರಾಟ), ಜೊತೆಗೆ 300 ನಾಟಿಕಲ್ ಮೈಲಿಯ ಒಂದು ಹಾರಾಟ. ಇದೆಲ್ಲ ಪುಟ ತಿರುವಿದ ಕೂಡಲೇ ಬೆರಳಿಟ್ಟು ತೋರಿಸುವಂತಿರಬೇಕು. ಇಲೆಕ್ಟ್ರಾನಿಕ್ ಲಾಗ್‌ಬುಕ್ಕಿಗೂ ಕೈಬರಹದ್ದಕ್ಕೂ ಹತ್ತು ನಿಮಿಷದ ವ್ಯತ್ಯಾಸವಿದ್ದರೂ ಪ್ರಶ್ನೆ ಬರುತ್ತದೆ. ಸಿಮ್ಯುಲೇಟರ್ ಗಂಟೆಯನ್ನು ಒಟ್ಟು ಹಾರಾಟಕ್ಕೆ ಸೇರಿಸಿ ತೋರಿಸುವುದು ಪದೇ ಪದೇ ಕಾಣುವ ತಪ್ಪು. ಬೇಕೆಂದೇ ಮಾಡಿದ್ದೋ ಗಮನಿಸದೆ ಆದದ್ದೋ, ಎದುರು ಕುಳಿತವರಿಗೆ ಎರಡೂ ಒಂದೇ.

---

ಕ್ರಾಸ್‌ವಿಂಡ್:

ಭಟ್ರು ಕಾಗದ ಮುಗಿಸಿದ್ದಾರೆ. ನಾನು ಆಪ್ಟಿಟ್ಯೂಡ್ ಮತ್ತು ಸಿಮ್ ಹೇಳುತ್ತೇನೆ.

ಕಂಪಾಸ್, ಅಡಾಪ್ಟ್ ಎಂಬ ಆಪ್ಟಿಟ್ಯೂಡ್ ಪರೀಕ್ಷೆಗಳ ಹೆಸರು ಬೇರೆ. ಅಳೆಯುವುದು ಹೆಚ್ಚುಕಮ್ಮಿ ಒಂದೇ: ಜಾಯ್‌ಸ್ಟಿಕ್ ಮೇಲೆ ಹಿಡಿತ, ನೆನಪು, ದಿಕ್ಕಿನ ಅರಿವು, ಬಾಯಿಲೆಕ್ಕ, ಒಟ್ಟಿಗೆ ಎರಡು ಮೂರು ಕೆಲಸ. ಪ್ರಶ್ನೆ ಬಾಯಿಪಾಠ ಮಾಡಿ ಬರುವುದಲ್ಲ ಇದು. ಆದರೆ ಅಭ್ಯಾಸದಿಂದ ಏರುತ್ತದೆ. ದಿನಕ್ಕೆ ನಾಲ್ಕು ಗಂಟೆ ಒಂದು ವಾರ ಕೂರುವುದಕ್ಕಿಂತ ದಿನಕ್ಕೆ 30–40 ನಿಮಿಷ ಎರಡು ತಿಂಗಳು ಕೂರುವುದು ಮೇಲು. ಜಾಯ್‌ಸ್ಟಿಕ್ ಜೊತೆ ರಡ್ಡರ್ ಪೆಡಲ್ ಇದ್ದರೆ ಒಳ್ಳೆಯದು. ಕೈಯೊಂದನ್ನೇ ಪಳಗಿಸಿ ಹೋದವರು ಕಾಲು ಸೇರಿದ ಕೂಡಲೇ ತಡವರಿಸುತ್ತಾರೆ.

ದಿಕ್ಕಿನ ಭಾಗ ಹೀಗೆ ಅಭ್ಯಾಸ ಮಾಡಿ. ಹೆಡಿಂಗ್ 240, ಎಡಿಎಫ್ (ರೇಡಿಯೋ ಸ್ಟೇಷನ್‌ನತ್ತ ತೋರಿಸುವ ಉಪಕರಣ) ಸೂಜಿ ವಿಮಾನದ ಮೂಗಿನಿಂದ ಬಲಕ್ಕೆ 70 ಡಿಗ್ರಿ. ಎರಡನ್ನೂ ಕೂಡಿಸಿದರೆ 310, ಅದೇ ಕ್ಯೂಡಿಎಮ್, ಅಂದರೆ ಸ್ಟೇಷನ್ ಕಡೆಗೆ ಹೋಗುವ ದಿಕ್ಕು. ಹಾಗಾದರೆ ನೀವಿರುವುದು ಸ್ಟೇಷನ್‌ನಿಂದ 130ರಲ್ಲಿ, ಅಂದರೆ ಆಗ್ನೇಯಕ್ಕೆ. ಇದು ಐದು ಸೆಕೆಂಡಿನಲ್ಲಿ ಬರಬೇಕು, ಪೆನ್ನು ಮುಟ್ಟದೆ.

ಬಾಯಿಲೆಕ್ಕಕ್ಕೆ ಪೈಲಟ್ ಲೆಕ್ಕಗಳನ್ನೇ ಹಾಕಿ, ಸಂದರ್ಶನಕ್ಕೂ ಆಗುತ್ತದೆ. 3 ಡಿಗ್ರಿ ಇಳಿಜಾರಿಗೆ ಗ್ರೌಂಡ್‌ಸ್ಪೀಡ್ ಗುಣಿಸು 5: 140 ನಾಟ್ ಇದ್ದರೆ ನಿಮಿಷಕ್ಕೆ 700 ಅಡಿ. ಇಳಿಯಲು ಶುರುಮಾಡುವ ದೂರ, ಸಾವಿರ ಅಡಿಗೆ 3 ನಾಟಿಕಲ್ ಮೈಲಿ: 35,000ದಿಂದ ಬೆಂಗಳೂರಿಗೆ ಇಳಿಯುವಾಗ ನೆಲವೇ ಸುಮಾರು 3,000 ಅಡಿ ಎತ್ತರದಲ್ಲಿದೆ, ಉಳಿದ 32ಕ್ಕೆ 96 ಮೈಲಿ, ವೇಗ ತಗ್ಗಿಸಲು ಇನ್ನೊಂದು ಹತ್ತು. ಆ 3,000 ಅಡಿ ಕಳೆಯದೆ 105 ಅನ್ನುವವರೇ ಜಾಸ್ತಿ. ರನ್‌ವೇ 27 (ಅಂದರೆ 270 ಡಿಗ್ರಿ ದಿಕ್ಕು), ಗಾಳಿ 300ರಿಂದ 20 ನಾಟ್: ಕೋನ 30, ಅಡ್ಡಗಾಳಿ ಅರ್ಧ, 10 ನಾಟ್. ಕೋನ 45 ಆದರೆ 0.7, 60 ಆದರೆ 0.9.

ಸಿಮ್‌ನಲ್ಲಿ ನಿಮ್ಮಿಂದ ಏರ್‌ಬಸ್ ಎ320 ವಿಮಾನದ ಜ್ಞಾನ ನಿರೀಕ್ಷಿಸುವುದಿಲ್ಲ. ಆಟೋಪೈಲಟ್, ಫ್ಲೈಟ್ ಡೈರೆಕ್ಟರ್ (ಹೇಗೆ ಹಾರಬೇಕೆಂದು ಪರದೆಯಲ್ಲಿ ತೋರಿಸುವ ಗೆರೆ) ಎರಡೂ ತೆಗೆದು ರಾ ಡೇಟಾ, ಅಂದರೆ ಬರೀ ಉಪಕರಣ ನೋಡಿ, ಹಾರಿಸಿ ಎನ್ನುತ್ತಾರೆ. ಟೇಕಾಫ್, ಏರಿಕೆ ಇಳಿಕೆ, 45 ಡಿಗ್ರಿ ಸ್ಟೀಪ್ ಟರ್ನ್, ಹೋಲ್ಡಿಂಗ್ (ಒಂದೇ ಕಡೆ ಸುತ್ತುತ್ತ ಕಾಯುವುದು), ಐಎಲ್‌ಎಸ್ (ರೇಡಿಯೋ ಸಂಕೇತ ಹಿಡಿದು ರನ್‌ವೇಗೆ ಇಳಿಯುವುದು), ಗೋ ಅರೌಂಡ್ (ಇಳಿಯುವುದು ಬಿಟ್ಟು ಮತ್ತೆ ಮೇಲೇರುವುದು). ನೋಡುವುದು ಮೂರು: ಸ್ಕ್ಯಾನ್ (ಉಪಕರಣಗಳ ಮೇಲೆ ಕಣ್ಣಾಡಿಸುವ ಕ್ರಮ), ತಪ್ಪನ್ನು ಎಷ್ಟು ಬೇಗ ಹಿಡಿದು ಎಷ್ಟು ಮೆಲ್ಲಗೆ ತಿದ್ದುತ್ತೀರಿ, ಹೇಳಿಕೊಟ್ಟದ್ದು ಎರಡನೇ ಸಲಕ್ಕೆ ಬರುತ್ತದೆಯೇ. 100 ಅಡಿ ಹೆಚ್ಚುಕಮ್ಮಿ ಆಗಿದ್ದಕ್ಕೆ ಯಾರನ್ನೂ ಕೈಬಿಡುವುದಿಲ್ಲ. ಆದದ್ದನ್ನು ಗಮನಿಸದೇ ಹೋದರೆ ಕೈಬಿಡುತ್ತಾರೆ.

ಬೀಳುವ ಕಾರಣ ಬಹುತೇಕ ಸೂಜಿಯ ಹಿಂದೆ ಓಡುವುದು. ವರ್ಟಿಕಲ್ ಸ್ಪೀಡ್ (ಏರಿಳಿತದ ವೇಗ) ನೋಡಿ ಪಿಚ್ (ವಿಮಾನದ ಮೂಗಿನ ಕೋನ) ಎಳೆಯುತ್ತಾರೆ. ಆ ಸೂಜಿ ತಡವಾಗಿ ತೋರಿಸುವಂಥದ್ದು, ಅಷ್ಟರಲ್ಲಿ ಇನ್ನೊಂದು ಕಡೆ ಎಳೆದಾಗಿರುತ್ತದೆ. ಬ್ರೀಫಿಂಗ್‌ನಲ್ಲಿ ಕೊಡುವ ಪಿಚ್ ಮತ್ತು ಥ್ರಸ್ಟ್ ಅಂಕಿಗಳನ್ನು ಬರೆದುಕೊಳ್ಳಿ. ಕೊಡದಿದ್ದರೆ ಕೇಳಿ, ಕೇಳುವುದು ತಪ್ಪಲ್ಲ. ಅಂಕಿ ಇಡಿ, ಎರಡು ಮೂರು ಸೆಕೆಂಡ್ ಬಿಡಿ, ಫಲ ನೋಡಿ, ಅರ್ಧ ಡಿಗ್ರಿ ತಿದ್ದಿ. ಸೈಡ್‌ಸ್ಟಿಕ್‌ಅನ್ನು ತರಬೇತಿಯ ಸೆಸ್ನಾ ವಿಮಾನದ ಸ್ಟಿಯರಿಂಗ್‌ನಂಥ ಯೋಕ್‌ನಂತೆ ಮುಷ್ಟಿಯಲ್ಲಿ ಹಿಡಿದರೆ ವಿಮಾನ ತೂಗಾಡುತ್ತದೆ. ಬೆರಳ ತುದಿ ಸಾಕು. ಲೊಕಲೈಜರ್‌ಗೆ (ರನ್‌ವೇ ನಡುಗೆರೆ ತೋರಿಸುವ ಸಂಕೇತ) 5 ಡಿಗ್ರಿ ಹೆಡಿಂಗ್ ತಿದ್ದುಪಡಿ, 1,000 ಅಡಿಯ ಕೆಳಗೆ 2–3 ಡಿಗ್ರಿ. 1,000ದಲ್ಲಿ ಸ್ಥಿರವಾಗಿಲ್ಲದಿದ್ದರೆ ಬಾಯಿಬಿಟ್ಟು ಹೇಳಿ ಗೋ ಅರೌಂಡ್ ಮಾಡಿ. ಕೆಟ್ಟ ಅಪ್ರೋಚನ್ನು ಹೇಗೋ ಎಳೆದು ಇಳಿಸಿದವರಿಗಿಂತ ಬಿಟ್ಟು ಮೇಲೇರಿದವರಿಗೆ ಅಂಕ ಹೆಚ್ಚು.

ಅಭ್ಯಾಸಕ್ಕೆ ಮೊದಲ ದಿನವೇ ಫುಲ್ ಫ್ಲೈಟ್ ಸಿಮ್ ಬೇಕಿಲ್ಲ. ಚಲಿಸದ ಸಿಮ್‌ನಲ್ಲಿ ಒಳ್ಳೆಯ ಬೋಧಕರ ಜೊತೆ ಎರಡೆರಡು ಗಂಟೆಯ ನಾಲ್ಕು ಸೆಷನ್, ಪಿಎಫ್ (ಹಾರಿಸುವವರು) ಅರ್ಧ, ಪಿಎಮ್ (ಗಮನಿಸುವವರು) ಅರ್ಧ. ಪಿಎಮ್ ಸೀಟಿನಲ್ಲಿ ಸುಮ್ಮನೆ ಕುಳಿತರೂ ಅಂಕ ಹೋಗುತ್ತದೆ, ‘ಸ್ಪೀಡ್’, ‘ಆಲ್ಟಿಟ್ಯೂಡ್’ ಎಂದು ಕೂಗುವುದು ಆ ಸೀಟಿನ ಕೆಲಸ.

---

ಬಜ್ಪೆ ಅಪ್ರೋಚ್:

ಸಂದರ್ಶನದ ಬಗ್ಗೆ ನಾನು. ಟೆಕ್ನಿಕಲ್‌ನಲ್ಲಿ ಉತ್ತರ ಗೊತ್ತಿದ್ದೂ ಬೀಳುವುದು ಎರಡನೇ ಪ್ರಶ್ನೆಗೆ ಮಾರಾಯ್ರೆ. ಹೈಡ್ರೋಪ್ಲೇನಿಂಗ್ (ಒದ್ದೆ ರನ್‌ವೇಯಲ್ಲಿ ಟಯರ್ ನೀರಿನ ಮೇಲೆ ತೇಲಿ ಜಾರುವುದು) ವೇಗ ಎಷ್ಟು? ಟಯರ್ ಒತ್ತಡದ ವರ್ಗಮೂಲದ 9 ಪಟ್ಟು, 200 ಪಿಎಸ್‌ಐ ಇದ್ದರೆ ಸುಮಾರು 127 ನಾಟ್. ಇಲ್ಲಿಗೆ ಎಲ್ಲರೂ ಬರುತ್ತಾರೆ. ‘ಸರಿ, ಮಳೆಯಲ್ಲಿ ಮೆತ್ತಗೆ ಇಳಿಸುವುದು ಯಾಕೆ ಒಳ್ಳೆಯದಲ್ಲ?’ ಅಂದಾಗ ನಿಲ್ಲುತ್ತಾರೆ. ನೀರಿನ ಪದರ ಸೀಳಿ ಚಕ್ರ ತಿರುಗಿದರೆ ತಾನೇ ಬ್ರೇಕ್, ಸ್ಪಾಯ್ಲರ್ ಕೆಲಸ ಮಾಡುವುದು. ಪ್ರತಿ ಸೂತ್ರದ ಹಿಂದೆ ಎರಡು ‘ಯಾಕೆ’ ತಯಾರಿಟ್ಟುಕೊಳ್ಳಿ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್’ ಸಾಕು, ಊಹೆಯನ್ನು ಗೊತ್ತಿರುವಂತೆ ಹೇಳುವವರನ್ನು ಕಾಕ್‌ಪಿಟ್‌ನಲ್ಲಿ ಯಾರಿಗೂ ಬೇಡ.

ಸಿಆರ್‌ಎಮ್ (ಕಾಕ್‌ಪಿಟ್‌ನಲ್ಲಿ ಸಿಬ್ಬಂದಿಯ ಹೊಂದಾಣಿಕೆ) ಪ್ರಶ್ನೆಗಳಿಗೆ ಕನ್ನಡಿಗರು ಮಂಗಳೂರಿನ 2010ರ ಮೇ 22ರ ಅಪಘಾತವನ್ನು ಚೆನ್ನಾಗಿ ಓದಿಕೊಂಡು ಹೋಗಬೇಕು. ದುಬೈಯಿಂದ ಬಂದ 737-800, ರನ್‌ವೇ 24. ಇಳಿಯುವಾಗ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ಸುಮಾರು 8,000 ಅಡಿ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು. 158 ಜನ ತೀರಿಹೋದರು, ಉಳಿದವರು 8. ಸಹಪೈಲಟ್ ಗೋ ಅರೌಂಡ್ ಎಂದು ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ಹಾರಾಟದಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆಯಲ್ಲಿದ್ದು ಎದ್ದ ಮಂಪರನ್ನೂ ತನಿಖೆ ಗುರುತಿಸಿತು. ಇದನ್ನು ‘ಕ್ಯಾಪ್ಟನ್ ತಪ್ಪು’ ಎಂದು ಮುಗಿಸಿದರೆ ನಿಮಗೆ ಅಂಕವಿಲ್ಲ. ನೀವು ಅರ್ಜಿ ಹಾಕಿರುವುದು ಆ ಬಲಗಡೆಯ ಸೀಟಿಗೆ. ಹೇಳಿದ್ದನ್ನು ಕೇಳದಿದ್ದರೆ ಮುಂದೇನು? ಕಂಪನಿಯ ನಿಯಮಕ್ಕೆ ತಕ್ಕಂತೆ ಮಾತಿನ ತೀವ್ರತೆ ಏರಿಸುವುದು, ಎರಡನೇ ಕರೆಗೂ ಸ್ಪಂದನೆ ಇಲ್ಲದಿದ್ದರೆ ಕ್ಯಾಪ್ಟನ್ ಅಸಮರ್ಥರಾಗಿದ್ದಾರೆ ಎಂದು ಬಗೆದು ಕಂಟ್ರೋಲ್ ತೆಗೆದುಕೊಳ್ಳುವುದು. ಎಷ್ಟು ಎತ್ತರದಲ್ಲಿ, ಯಾವ ಮಾತಿನಲ್ಲಿ ಎನ್ನುವಷ್ಟು ಸ್ಪಷ್ಟ ಉತ್ತರ ಬೇಕು. ‘ವಿನಯದಿಂದ ತಿಳಿಸುತ್ತೇನೆ’ ಎಂಬ ಉತ್ತರ ನಮ್ಮ ಊರಿನ ಸಂಸ್ಕಾರಕ್ಕೆ ಸರಿ, 500 ಅಡಿಯಲ್ಲಿ ಸರಿಯಲ್ಲ.

‘ಹಿಂದೆ ಯಾಕೆ ಆಗಲಿಲ್ಲ?’ ಎಂದು ಕೇಳಿಯೇ ಕೇಳುತ್ತಾರೆ. ಎರಡು ವಾಕ್ಯ ಸಾಕು: ಯಾವ ಹಂತದಲ್ಲಿ ನಿಂತಿತು, ಆಮೇಲೆ ಅದಕ್ಕೆ ಏನು ಮಾಡಿದಿರಿ. ಗಂಟೆ, ಸೆಷನ್, ಹೊಸ ಪರೀಕ್ಷೆಯ ಫಲಿತಾಂಶ ಹೀಗೆ ತೋರಿಸಬಹುದಾದದ್ದನ್ನೇ ಹೇಳಿ. ಹಿಂದಿನ ಪ್ಯಾನೆಲ್ ಬಗ್ಗೆ, ‘ಇನ್‌ಫ್ಲುಯೆನ್ಸ್’ ಬಗ್ಗೆ ಒಂದು ಮಾತೂ ಬೇಡ.

---

ಪಡುವಣಗಾಳಿ:

ತುಂಬಾ ಉಪಕಾರ. ಹಾಗಾದರೆ ಕಾಯುವ ಸಮಯದಲ್ಲಿ ಸ್ವಂತ ದುಡ್ಡಿನಲ್ಲಿ ಎ320 ಟೈಪ್ ರೇಟಿಂಗ್ ಮಾಡಿಸಿಬಿಡಲೇ? ‘ಟೈಪ್ ಇದ್ದರೆ ಕರೆ ಗ್ಯಾರಂಟಿ’ ಎಂದು ಒಬ್ಬ ಏಜೆಂಟ್ ಹೇಳುತ್ತಿದ್ದಾನೆ.

---

ಕ್ರಾಸ್‌ವಿಂಡ್:

ಕರೆ ಹೆಚ್ಚಬಹುದು, ಆಯ್ಕೆ ಹೆಚ್ಚುವುದಿಲ್ಲ. ಆಪ್ಟಿಟ್ಯೂಡ್, ಸಂದರ್ಶನ ಟೈಪ್ ಇದ್ದವರಿಗೂ ಇರುತ್ತದೆ, ಮೇಲಾಗಿ ಸಿಮ್‌ನಲ್ಲಿ ನಿರೀಕ್ಷೆ ಏರುತ್ತದೆ: ಎಸ್‌ಒಪಿ (ಕಂಪನಿಯ ನಿಗದಿತ ಕಾರ್ಯವಿಧಾನ), ಕಾಲ್‌ಔಟ್ (ಕೂಗಿ ಹೇಳಬೇಕಾದ ಮಾತು), ಎಂಜಿನ್ ಫೇಲ್ಯೂರ್ ಎಲ್ಲ. ಹತ್ತು ಲಕ್ಷಕ್ಕೂ ಮೇಲಿನ ಖರ್ಚು. ಮಾಡಿಸಿ ಹಾರದೆ ಕುಳಿತರೆ ಕರೆನ್ಸಿ (ಇತ್ತೀಚೆಗೆ ಹಾರಿದ ರೂಢಿ) ಹೋಗಿ ಮತ್ತೆ ರಿಫ್ರೆಶರ್, ಮತ್ತೆ ಚೆಕ್. ಗ್ಯಾರಂಟಿ ಅನ್ನುವ ಏಜೆಂಟ್ ಫೋನ್ ಎತ್ತಬೇಡಿ.

ಲಾಗ್‌ಬುಕ್ ಭಟ್ರು:

ಇಷ್ಟು ಕಡ್ಡಿ ಮುರಿದಂತೆ ಹೇಳಲಾರೆ. ನಿರ್ದಿಷ್ಟ ಜಾಹೀರಾತು ‘ಟೈಪ್ ರೇಟೆಡ್ ಮಾತ್ರ’ ಎಂದು ಕೇಳುತ್ತಿದ್ದು, ನಿಮ್ಮ ಆಪ್ಟಿಟ್ಯೂಡ್ ಗಟ್ಟಿಯಾಗಿದ್ದರೆ ಯೋಚಿಸಬಹುದು. ನೀವು ಅಲ್ಲೇ ನಿಲ್ಲುತ್ತಿದ್ದೀರಿ, ಹಾಗಾಗಿ ಈಗ ಬೇಡ. ಆ ದುಡ್ಡಿನ ಒಂದು ಪಾಲಿನಲ್ಲಿ ಐಆರ್ ನವೀಕರಣ, ತಿಂಗಳಿಗೆ ಒಂದೆರಡು ಗಂಟೆ ಹಾರಾಟ, ಸಿಮ್ ಸೆಷನ್ ಎಲ್ಲ ಆಗುತ್ತದೆ. ‘ಕಳೆದ 12 ತಿಂಗಳಲ್ಲಿ ಹಾರಿದ ಗಂಟೆ’ ಎಂಬ ಕಾಲಂನಲ್ಲಿ ಸೊನ್ನೆ ಬರೆಯುವುದು ತಪ್ಪುತ್ತದೆ. ಇನ್ನೊಂದು ದಾರಿ ಎಎಫ್‌ಐಆರ್ (ಸಹಾಯಕ ಹಾರಾಟ ಬೋಧಕರ ಅರ್ಹತೆ) ಮಾಡಿ ಫ್ಲೈಯಿಂಗ್ ಸ್ಕೂಲಿನಲ್ಲಿ ಕಲಿಸುವುದು. ಗಂಟೆ ಏರುತ್ತದೆ, ರೇಡಿಯೋ ಮಾತು ಹದವಾಗುತ್ತದೆ, ಕಲಿಸಲು ಕುಳಿತಾಗ ಟೆಕ್ನಿಕಲ್ ತಾನಾಗಿ ಗಟ್ಟಿಯಾಗುತ್ತದೆ. ಬೆಳಗಾವಿ, ಕಲಬುರಗಿಯಲ್ಲೂ ಈಗ ತರಬೇತಿ ಸಂಸ್ಥೆಗಳಿವೆ. ಎ320 ಒಂದನ್ನೇ ಹಿಡಿದು ಕೂರದೆ ಎಟಿಆರ್ ಎಂಬ ಸಣ್ಣ ವಿಮಾನ ಹಾರಿಸುವ ಪ್ರಾದೇಶಿಕ ಕಂಪನಿಗಳಿಗೂ ಹಾಕಿ.

ಬಜ್ಪೆ ಅಪ್ರೋಚ್:

ಒಂದು ಸಣ್ಣ ಸೇರಿಕೆ. 2022ರ ಜನವರಿ 31ರಿಂದ ಬಂದ ಡಿಜಿಸಿಎ ನಿಯಮದಂತೆ ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಮಾದಕವಸ್ತು ಪರೀಕ್ಷೆ ಇದೆ. ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೋ ಆತಂಕಕ್ಕೋ ಕೊಡುವ ಬೆಂಜೋಡಯಾಜಪೀನ್ ಗುಂಪಿನ ಮಾತ್ರೆಗಳು ಅದರಲ್ಲಿ ಕಾಣಿಸಿಕೊಳ್ಳುತ್ತವೆ. ಮೆಡಿಕಲ್ ಶಾಪಿನವರು ಕೊಟ್ಟದ್ದನ್ನು ನುಂಗಿ ಹೋಗಬೇಡಿ. ವೈದ್ಯರ ಚೀಟಿ ಇದ್ದರೆ ಮಾದರಿ ಕೊಡುವ ಮುನ್ನವೇ ಬರವಣಿಗೆಯಲ್ಲಿ ತಿಳಿಸಿ, ಆ ಔಷಧಿ ನಡೆಯುತ್ತಿರುವಾಗ ಹಾರುವುದೂ ಬೇಡ.