ಪದ ಬೇಕು: ಬಾಯಿಯ ಆರೋಗ್ಯದ ನಮೂನೆಗೆ ಎರಡು ತಲೆಬರಹ

ಪ್ರಶ್ನೆ:
ಸ್ವಲ್ಪ ಅರ್ಜೆಂಟ್ ಇದೆ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು. ಬಾಯಿಯ ಆರೋಗ್ಯದ ಸಮೀಕ್ಷೆಯ ನಮೂನೆಯೊಂದನ್ನು ಕನ್ನಡ ಮಾಡುತ್ತಿದ್ದೇನೆ. ಅದರಲ್ಲಿ ಎರಡು ಭಾಗ. ಮೊದಲನೆಯದನ್ನು ಡಾಕ್ಟರು ಬಾಯಿ ಪರೀಕ್ಷಿಸಿ ತುಂಬುತ್ತಾರೆ: ಹುಳುಕು ಹಲ್ಲೆಷ್ಟು, ಹುಳುಕಾಗಿ ಕಳೆದುಕೊಂಡದ್ದೆಷ್ಟು, ಸಿಮೆಂಟ್ ತುಂಬಿಸಿದ್ದೆಷ್ಟು, ಒಸಡಿನಲ್ಲಿ ರಕ್ತ ಬರುತ್ತದೆಯೇ. ಎರಡನೆಯದಕ್ಕೆ ಬಂದವರೇ ಉತ್ತರ ಕೊಡುತ್ತಾರೆ: ಅಗಿಯಲು ಕಷ್ಟವೇ, ನೋವಿದೆಯೇ, ನಾಲ್ಕು ಜನರ ಮುಂದೆ ನಗಲು ಮುಜುಗರವೇ. ಹಳೆಯ ಕರಡಿನಲ್ಲಿ ಇವಕ್ಕೆ ‘ಮೌಖಿಕ ಚಿಕಿತ್ಸಾ ಪರೀಕ್ಷೆ’ ಮತ್ತು ‘ರೋಗಿಯ ಸ್ವಯಂವರದಿ’ ಅಂತ ಹಾಕಿದ್ದಾರೆ. ಎರಡೂ ನನಗೆ ಒಪ್ಪಿಗೆಯಾಗುತ್ತಿಲ್ಲ. ಬದಲಿಗೆ ಏನು ಹಾಕಬಹುದು?

ಉತ್ತರ 1:
‘ಮೌಖಿಕ’ ಖಂಡಿತ ಬೇಡ. ಮೌಖಿಕ ಪರೀಕ್ಷೆ ಎಂದರೆ ಎದುರಿಗೆ ಕೂರಿಸಿ ಪ್ರಶ್ನೆ ಕೇಳುವುದು. ಹಾಗೆ ನೋಡಿದರೆ ನಿಮ್ಮ ಎರಡನೇ ಭಾಗವೇ ಮೌಖಿಕ! ‘ಚಿಕಿತ್ಸಾ’ ಕೂಡ ತಪ್ಪು. ಸಮೀಕ್ಷೆಯಲ್ಲಿ ಚಿಕಿತ್ಸೆ ಎಲ್ಲಿದೆ? ನೋಡಿ ಬರೆದುಕೊಳ್ಳುತ್ತಾರೆ ಅಷ್ಟೆ. ಹಿಂದಿಯ ದಾರಿಯಲ್ಲಿ ‘ನೈದಾನಿಕ’ ತರುವವರೂ ಇದ್ದಾರೆ. ಅದನ್ನು ಅರ್ಧ ಜನ ‘ನಿಧಾನ’ ಎಂದೇ ಓದುತ್ತಾರೆ. ಸುಮ್ನೆ ‘ಬಾಯಿ ತಪಾಸಣೆ’ ಎಂದು ಹಾಕಿ. ಎರಡನೆಯದಕ್ಕೆ ‘ನಿಮ್ಮ ಅನಿಸಿಕೆ’ ಸಾಕು.

ಉತ್ತರ 2:
ತಪಾಸಣೆ ಮರಾಠಿಯಿಂದ ಬಂದದ್ದು. ಬೇಲಿ ಹಾಕಿದ ಮೇಲೂ ಹಿಂದಿನ ಬಾಗಿಲು ತೆರೆದಿಟ್ಟರೆ ಏನು ಫಲ? ನಮ್ಮಲ್ಲಿ ‘ನೋಟ’ ಇದೆ. ‘ಬಾಯ್ನೋಟ’ ಎನ್ನಿ. ಎರಡನೆಯದಕ್ಕೆ ‘ತನ್ನೊರೆ’. ‘ಒರೆ’ ಎಂದರೆ ಹೇಳು ಎಂದು ಹಳಗನ್ನಡದಲ್ಲೇ ಇದೆ. ನಮ್ಮ ಜನ ಇಂಥ ವಿಷಯಕ್ಕೆ ಪದ ಕಟ್ಟಬಲ್ಲವರು ಎಂಬುದಕ್ಕೆ ‘ಹುಳುಕು’ ಒಂದೇ ಸಾಕು. ಪುೞು, ಹುಳು, ಹುಳುಕು. ಕಂಡದ್ದನ್ನು ಕಂಡ ಹಾಗೆ ಹೆಸರಿಸಿದರು. ‘ದಂತಕ್ಷಯ’ ಯಾರಿಗೆ ಬೇಕಿತ್ತು?

ಉತ್ತರ 3:
ತನ್ನೊರೆ ಎಂದರೆ ಜನ ಕತ್ತಿಯ ಒರೆ ಹುಡುಕುತ್ತಾರೆ, ಇಲ್ಲವೇ ಒರೆಗಲ್ಲು. ನಡೆಯುವ ಮಾತಲ್ಲ ಅದು. ಇನ್ನು ‘ಒಸಡು’ ಎಂದು ಬರೆದಿದ್ದೀರಿ. ನಮ್ಮ ಕಡೆ ‘ವಸಡು’. ನಮೂನೆಯಲ್ಲಿ ಯಾವುದಾದರೂ ಒಂದನ್ನೇ ಉಳಿಸಿಕೊಳ್ಳಿ.

ಉತ್ತರ 4:
ನಾನು ಹಲ್ಲಿನ ಡಾಕ್ಟರು. ಪದ ಆರಿಸುವ ಮೊದಲು ಆ ಎರಡು ಭಾಗಗಳಲ್ಲಿ ನಡೆಯುವುದೇನು ಎಂದು ನೋಡೋಣ.

ಮೊದಲ ಭಾಗ ಬರೀ ನೋಟವಲ್ಲ. ಒಸಡಿನ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಒಂದು ಸಣ್ಣ ಸಲಾಕೆ ಇದೆ. ಅದರ ತುದಿಯಲ್ಲಿ 0.5 ಮಿಲಿಮೀಟರಿನ ಗುಂಡು, 3.5ರಿಂದ 5.5 ಮಿಲಿಮೀಟರಿನವರೆಗೆ ಕಪ್ಪು ಪಟ್ಟಿ. ಹಲ್ಲಿಗೂ ಒಸಡಿಗೂ ನಡುವೆ ಅದನ್ನು ಮೆಲ್ಲಗೆ ಇಳಿಸುತ್ತೇವೆ. ಪಟ್ಟಿ ಎಷ್ಟು ಮುಳುಗಿತು, ರಕ್ತ ಬಂತೇ ಎಂಬುದನ್ನು ಬರೆದುಕೊಳ್ಳುತ್ತೇವೆ. ಕಣ್ಣಿನಷ್ಟೇ ಕೆಲಸ ಕೈಗೂ ಇದೆ. ಹುಳುಕು, ಹೋದ, ತುಂಬಿಸಿದ ಹಲ್ಲುಗಳನ್ನು ಕೂಡಿಸುವ ಲೆಕ್ಕ 1938ರಷ್ಟು ಹಳೆಯದು. ಕ್ಲೈನ್, ಪಾಮರ್, ನಟ್ಸನ್ ಎಂಬ ಸಂಶೋಧಕರು ಕೊಟ್ಟದ್ದು. ಇಬ್ಬರು ಡಾಕ್ಟರು ಒಂದೇ ಬಾಯಿ ನೋಡಿ ಒಂದೇ ಅಂಕಿ ಬರೆಯುತ್ತಾರಾ ಎಂದು ಮೊದಲೇ ತಾಳೆ ನೋಡುವ ಕ್ರಮವೂ ಇದೆ. ಇಷ್ಟೆಲ್ಲ ‘ಬಾಯ್ನೋಟ’ದಲ್ಲಿ ಹಿಡಿಸುವುದಿಲ್ಲ.

ಎರಡನೇ ಭಾಗಕ್ಕೆ ‘ಅನಿಸಿಕೆ’ ಹಾಕಿದರೆ ಅದರ ಬೆಲೆ ಇಳಿಯುತ್ತದೆ. ಅದಕ್ಕೂ ಅಳತೆ ಇದೆ. ಸ್ಲೇಡ್ ಮತ್ತು ಸ್ಪೆನ್ಸರ್ ಎಂಬ ಸಂಶೋಧಕರು 1994ರಲ್ಲಿ 49 ಪ್ರಶ್ನೆಗಳ ಪಟ್ಟಿ ಮಾಡಿದರು, 1997ರಲ್ಲಿ ಸ್ಲೇಡ್ ಅದನ್ನು 14ಕ್ಕೆ ಇಳಿಸಿದರು. ಪ್ರತಿ ಪ್ರಶ್ನೆಗೂ ‘ಇಲ್ಲವೇ ಇಲ್ಲ’ ಎಂದರೆ 0, ‘ತುಂಬಾ ಸಲ’ ಎಂದರೆ 4. ಹದಿನಾಲ್ಕೂ ಸೇರಿ ಹೆಚ್ಚೆಂದರೆ 56. ಅಂಕ ಏರಿದಷ್ಟೂ ತೊಂದರೆ ಜಾಸ್ತಿ.

ಮುಖ್ಯ ವಿಷಯ, ಈ ಎರಡು ಅಳತೆ ಎಷ್ಟೋ ಸಲ ಒಂದಕ್ಕೊಂದು ಕೂಡಿ ಬರುವುದಿಲ್ಲ. ಒಸಡಿನ ರೋಗ ಬಹುಕಾಲ ನೋಯುವುದೇ ಇಲ್ಲ. ಕಪ್ಪು ಪಟ್ಟಿ ಪೂರ್ತಿ ಮುಳುಗುತ್ತಿರುತ್ತದೆ, ಅವರು ಮಾತ್ರ ‘ಏನೂ ತೊಂದರೆ ಇಲ್ಲ’ ಎನ್ನುತ್ತಾರೆ. ಇನ್ನೊಬ್ಬರಿಗೆ ಕೆಟ್ಟಿರುವುದು ಒಂದೇ ಹಲ್ಲು, ರಾತ್ರಿ ನಿದ್ದೆ ಇಲ್ಲ. ಹಲ್ಲೆಲ್ಲ ಹೋದವರಿಗೆ ನಮ್ಮ ಲೆಕ್ಕದಲ್ಲಿ ಅತಿ ಕೆಟ್ಟ ಅಂಕ, ಆದರೆ ಕಟ್ಟಿಸಿದ ಹಲ್ಲು ಸರಿಯಾಗಿ ಕೂತಿದ್ದರೆ ಆರಾಮವಾಗಿ ಅಗಿಯುತ್ತಾರೆ. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಸಲಾಕೆಗೆ ಮುಜುಗರ ಗೊತ್ತಾಗುವುದಿಲ್ಲ, ಮನುಷ್ಯರಿಗೆ ತಮ್ಮ ಒಸಡಿನ ಆಳ ಗೊತ್ತಾಗುವುದಿಲ್ಲ. ಹಾಗಾಗಿ ಒಂದನ್ನು ದೊಡ್ಡದು, ಇನ್ನೊಂದನ್ನು ಚಿಕ್ಕದು ಮಾಡುವ ಪದ ಬೇಡ. ‘ದೂರು’ ಬೇಡ, ‘ಅನಿಸಿಕೆ’ ಬೇಡ. ‘ರೋಗಿ’ಯಂತೂ ಬೇಡವೇ ಬೇಡ. ಸಮೀಕ್ಷೆಗೆ ಬರುವವರೆಲ್ಲ ರೋಗಿಗಳಲ್ಲ.

‘ಹುಳುಕು’ ಒಳ್ಳೆಯ ಪದ, ಉಳಿಸಿಕೊಳ್ಳಿ. ಆದರೆ ‘ಕಂಡ ಹಾಗೆ’ ಹೆಸರಿಸಿದರು ಎನ್ನಬೇಡಿ. ಹಲ್ಲಿನಲ್ಲಿ ಹುಳ ಇರುವುದಿಲ್ಲ. ಫ್ರಾನ್ಸಿನ ಹಲ್ಲಿನ ವೈದ್ಯ ಫೋಶಾರ್ 1728ರಲ್ಲೇ ಆ ನಂಬಿಕೆಯನ್ನು ತಳ್ಳಿಹಾಕಿದ್ದ. ಬ್ಯಾಕ್ಟೀರಿಯಾ ಸಕ್ಕರೆ ತಿಂದು ಬಿಡುವ ಆಮ್ಲ ಹಲ್ಲನ್ನು ಕರಗಿಸುತ್ತದೆ. ‘ಹುಳುಕಿದೆಯಾ’ ಎಂದರೆ ಕನ್ನಡಿಯಲ್ಲಿ ಕಪ್ಪು ತೂತು ಕಾಣದವರು ‘ಇಲ್ಲ’ ಎಂದುಬಿಡುತ್ತಾರೆ. ಎರಡನೇ ಭಾಗದಲ್ಲಿ ಈ ಪ್ರಶ್ನೆ ಕೇಳದಿರುವುದೇ ವಾಸಿ.

ಉತ್ತರ 2ರವರು ಮತ್ತೆ:
ಹುಳ ಇಲ್ಲದಿದ್ದರೂ ‘ಹುಳುಕು’ ನಡೆಯುತ್ತದೆ ಎಂದು ನೀವೇ ಒಪ್ಪಿದಿರಿ. ಹಾಗಾದರೆ ಕೈ ಆಡಿಸಿದರೂ ‘ನೋಟ’ ಏಕೆ ನಡೆಯಬಾರದು? ಡಾಕ್ಟರು ನಾಡಿ ನೋಡುವುದು ಕಣ್ಣಿನಿಂದಲೇ? ನಾನು ಕೇಳುವುದಿಷ್ಟೆ: ಎರವಲು ಪದ ಬಂದಾಗ ಯಾರೂ ಅದರ ಅರ್ಥದ ಅಂಚು ಅಳೆಯುವುದಿಲ್ಲ. ಕನ್ನಡ ಪದ ಬಂದಾಗ ಮಾತ್ರ ಸಲಾಕೆ ಹಿಡಿದು ನಿಲ್ಲುತ್ತಾರೆ. ಅದು ನ್ಯಾಯವಲ್ಲ.

ಉತ್ತರ 1ರವರು:
ನಾಡಿಯ ಮಾತು ಸರಿಯಾಗಿದೆ, ಒಪ್ಪಿದೆ. ಆದರೆ ನಾಡಿ, ಆರೋಗ್ಯ, ರಕ್ತ, ಎಲ್ಲವೂ ಎರವಲೇ. ಅವನ್ನೆಲ್ಲ ಬಿಟ್ಟು ಈ ನಮೂನೆ ಬರೆಯಲು ಆಗುತ್ತದಾ? ಎರವಲು ಎಂಬುದೇ ತಕರಾರಾದರೆ ನಮ್ಮ ನಿಮ್ಮ ಚರ್ಚೆ ಇಲ್ಲಿಗೇ ಮುಗಿಯಿತು. ತಕರಾರೂ ಎರವಲೇ.

ಉತ್ತರ 3ರವರು:
ಪ್ರಿಂಟು ನಾಳೆ. ಈ ಜಗಳಕ್ಕೆ ಬೇರೆ ಎಳೆ ತೆರೆಯಿರಿ.

‘ಕೊಳ್ಳು’ ಇರುವ ಭಾಷೆಗೆ ‘ಸ್ವಯಂ’ ಏಕೆ ಬೇಕು? ‘ಹೇಳಿಕೊಂಡದ್ದು’ ಎಂದರೆ ತಾನೇ, ತನ್ನ ಬಗ್ಗೆ ಹೇಳಿದ್ದು ಎಂದಾಯಿತು. ನೋವು ಹೇಳಿಕೊಳ್ಳುವುದು ಎಂದು ದಿನಾ ಆಡುತ್ತೇವೆ ಅಲ್ವಾ?

ಉತ್ತರ 4ರವರು:
‘ಹೇಳಿಕೊಂಡದ್ದು’ ಚೆನ್ನಾಗಿದೆ. ಆದರೆ ‘ಶ್ರೀಮಂತ ಎಂದು ಹೇಳಿಕೊಂಡ’ ಎಂದರೆ ನಂಬಬೇಡಿ ಎಂಬ ಧ್ವನಿಯೂ ಬರುತ್ತದೆ. ಆ ಅನುಮಾನವೇ ನನಗೆ ಬೇಡವಾದದ್ದು. ನೇರವಾಗಿ ‘ನೀವು ಹೇಳಿದ್ದು’ ಎಂದರೆ ಓದುವವರಿಗೂ ತಮ್ಮನ್ನೇ ಕೇಳಿದ ಹಾಗಿರುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಮೊದಲ ಭಾಗಕ್ಕೆ ‘ಡಾಕ್ಟರು ಕಂಡದ್ದು’, ಎರಡನೆಯದಕ್ಕೆ ‘ನೀವು ಹೇಳಿದ್ದು’ ಎಂದು ಹಾಕುತ್ತಿದ್ದೇನೆ. ತಪಾಸಣೆ ತಲೆಬರಹದಿಂದ ಹೋಯಿತು, ಒಳಗಿನ ಸೂಚನೆಯಲ್ಲಿ ಉಳಿಯಿತು. ಒಸಡು ಎಲ್ಲ ಕಡೆ ಒಸಡೇ. ರೋಗಿ ಎಲ್ಲೂ ಇಲ್ಲ.

ಒಂದು ಬಾಕಿ ಇದೆ. ಎರಡನೇ ಭಾಗದ ಪ್ರಶ್ನೆಗಳಿಗೆ ಆರಿಸಿಕೊಳ್ಳಲು ಕೊಡುವ ಐದು ಉತ್ತರಗಳಲ್ಲಿ ನಡುವಿನದಕ್ಕೆ ‘ಒಮ್ಮೊಮ್ಮೆ’, ಅದರ ಮೇಲಿನದಕ್ಕೆ ‘ಆಗಾಗ’ ಹಾಕಿದ್ದೇನೆ. ಓದಿಸಿ ನೋಡಿದಾಗ ಒಬ್ಬರು ಎರಡೂ ಒಂದೇ ಎಂದರು. ‘ಆಗಾಗ’ದ ಬದಲು ‘ಸುಮಾರು ಸಲ’ ಎಂದರೆ ಹೆಚ್ಚು ಎಂದು ಹೊಳೆಯುತ್ತದೆಯೇ? ರಾತ್ರಿಯೊಳಗೆ ತಿಳಿಸಿ.