ಸಹಾಯ ಬೇಕು: ಗ್ಯಾಲೆಕ್ಟಿನ್ ಮತ್ತು ಸೈಟೊಕೈನ್‌ಗಳ ನಂಟನ್ನು ಕನ್ನಡದಲ್ಲಿ ವಿವರಿಸಲು

ಆತ್ಮೀಯರೇ, ಕಾಸರಗೋಡಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನ್ನ ಪ್ಲಸ್ ಟು ವಿದ್ಯಾರ್ಥಿಗಳಿಗಾಗಿ, ಸಕ್ಕರೆಯ ಅಣುಗಳನ್ನು ಹಿಡಿಯುವ ಲೆಕ್ಟಿನ್ ಪ್ರೋಟೀನುಗಳ ಕುರಿತು ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. ಆರಂಭ ಸುಲಭವಾಯಿತು. ಮಳೆಗಾಲಕ್ಕೆಂದು ನಾವು ಕೆಮ್ಮಣ್ಣು ಮೆತ್ತಿ ಕಾಪಿಡುವ ಹಲಸಿನ ಬೇಳೆಯಲ್ಲೇ ಜಾಕಲಿನ್ ಎಂಬ ಲೆಕ್ಟಿನ್ ಇದ್ದು, ಅದು ಐಜಿಎ1 ಪ್ರತಿಕಾಯದ ಸಕ್ಕರೆಗಳಿಗೆ ಅಂಟಿಕೊಳ್ಳುತ್ತದೆ ಎಂದಾಗ ಮಕ್ಕಳ ಕಣ್ಣರಳಿತು.

ತೊಡಕು ಮುಂದಿನದು. ನಮ್ಮ ದೇಹದ್ದೇ ಲೆಕ್ಟಿನ್ ಆದ ಗ್ಯಾಲೆಕ್ಟಿನ್-3, ಕ್ಯಾನ್ಸರ್ ಗಡ್ಡೆಯ ಕೋಶಗಳ ನಡುವಣ ಜಾಲದಲ್ಲಿ, ಸಕ್ಕರೆಯ ಸರಪಳಿ ಹೊತ್ತ ಇಂಟರ್‌ಫೆರಾನ್ ಗಾಮಾ ಎಂಬ ಸೈಟೊಕೈನನ್ನು (ಕೋಶಗಳ ನಡುವೆ ಸಂದೇಶ ಒಯ್ಯುವ ಪ್ರೋಟೀನನ್ನು) ಹಿಡಿದು ನಿಲ್ಲಿಸುತ್ತದೆ. ಆ ಸೈಟೊಕೈನ್ ಹರಡದಿದ್ದಾಗ ಸಿಎಕ್ಸ್‌ಸಿಎಲ್9ರಂತಹ ಕೀಮೋಕೈನ್‌ಗಳ (ಪ್ರತಿರಕ್ಷಾ ಕೋಶಗಳನ್ನು ಸೆಳೆಯುವ ಸೈಟೊಕೈನ್‌ಗಳ) ಉತ್ಪತ್ತಿ ಕಡಿಮೆಯಾಗಿ, ಬಿಳಿ ರಕ್ತಕಣಗಳಾದ ಟಿ ಕೋಶಗಳು ಗಡ್ಡೆಯೊಳಕ್ಕೆ ಬರುವುದು ಕುಂಠಿತವಾಗುತ್ತದೆ. ಇಷ್ಟು ಸರಿ. ಆದರೆ ಅದೇ ಗ್ಯಾಲೆಕ್ಟಿನ್-3, ಸಿಎಕ್ಸ್‌ಸಿಎಲ್12 ಎಂಬ ಕೀಮೋಕೈನಿನೊಂದಿಗೆ ಸಕ್ಕರೆಯ ಹಂಗಿಲ್ಲದೆ, ಪ್ರೋಟೀನಿಗೆ ಪ್ರೋಟೀನಾಗಿಯೇ ಜೋಡಿಯಾಗಿ, ಬಿಳಿ ರಕ್ತಕಣಗಳನ್ನು ಸೆಳೆಯುವ ಅದರ ಶಕ್ತಿಯನ್ನು ತಗ್ಗಿಸುತ್ತದೆ. ‘ಸಕ್ಕರೆ ಹಿಡಿಯುವ ಪ್ರೋಟೀನು’ ಎಂದು ಕಲಿಸಿದ ಮೇಲೆ ಈ ಎರಡನೆಯ ಬಗೆಯನ್ನು ಗೊಂದಲವಿಲ್ಲದೆ ಹೇಗೆ ಹೇಳಲಿ?

ಪ್ರತಿರಕ್ಷಾ ಶಾಸ್ತ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ನನ್ನ ಎರಡು ಪುಟಗಳ ಕರಡನ್ನು ಓದಿ ತಿದ್ದಿಕೊಡಬೇಕು. ‘ಸೈಟೊಕೈನ್’ ಪದವನ್ನು ಹಾಗೆಯೇ ಉಳಿಸುವುದೇ, ‘ಕೋಶಸಂದೇಶಿ’ ಎನ್ನುವುದೇ ಎಂಬುದಕ್ಕೂ ನಿಮ್ಮ ಅಭಿಪ್ರಾಯ ತಿಳಿಸಿ. ನನ್ನ ಒಲವು ಮೊದಲನೆಯದರ ಕಡೆಗಿದೆ.