ಸ್ಟಾರ್ ಟ್ರೆಕ್ ಫೇಸರ್ ಹರಾಜಿಗೆ ಬಂದಿದೆ: ಅಸಲಿ ಅಂತ ಗೊತ್ತು ಮಾಡೋದು ಹೇಗೆ?

ಟ್ರೈಕಾರ್ಡರ್_ಬೆಂಗಳೂರು

ಅಮೆರಿಕದ ಒಂದು ಆನ್‌ಲೈನ್ ಹರಾಜಿನಲ್ಲಿ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಟಿವಿ ಧಾರಾವಾಹಿಯ ಟೈಪ್ 2 ಫೇಸರ್ (ಕಥೆಯಲ್ಲಿ ಕೈಯಲ್ಲಿ ಹಿಡಿಯುವ ಕಿರಣದ ಬಂದೂಕು) ಒಂದಿದೆ. ನಾಲ್ಕನೇ ಸೀಸನ್ನಿನದು, ಅಂದರೆ 1990-91ರದ್ದು ಅಂತ ವಿವರಣೆ. ರೆಸಿನ್ (ಎರಕ ಹೊಯ್ಯುವ ಗಟ್ಟಿ ಪ್ಲಾಸ್ಟಿಕ್) ಮೈ, ಗುಂಡಿ ಒತ್ತಿದರೆ ತುದಿಯಲ್ಲಿ ಬಿಳಿ ಬೆಳಕು ಹತ್ತುತ್ತೆ. ಸರ್ಟಿಫಿಕೇಟ್ ಇದೆ, ಆದರೆ ಅದರಲ್ಲಿ ವಸ್ತುವಿನ ಫೋಟೋ ಇಲ್ಲ. ನನ್ನ ಮಿತಿ 3,000 ಡಾಲರ್. ಅಸಲಿಯೇ ಅಂತ ತಿಳಿಯೋದು ಹೇಗೆ, ಬೆಂಗಳೂರಿಗೆ ಬರುವಷ್ಟರಲ್ಲಿ ಒಟ್ಟು ಎಷ್ಟಾಗುತ್ತೆ, ಬಂದಮೇಲೆ ಇಡೋದು ಹೇಗೆ?

ರೆಸಿನ್_ಕೈ

ಮೊದಲು ಆ ಬಿಳಿ ಬೆಳಕಿನ ವಿಚಾರ. ಬಿಳಿ ಎಲ್‌ಇಡಿ ಮಾರುಕಟ್ಟೆಗೆ ಬಂದದ್ದು 1996ರಲ್ಲಿ, ಪ್ರಖರ ನೀಲಿ ಎಲ್‌ಇಡಿಯೇ 1993ರದ್ದು. 1990ರಲ್ಲಿ ಮಾಡಿದ ವಸ್ತುವಿನೊಳಗೆ ಅದು ಇರೋಕೆ ಸಾಧ್ಯವೇ ಇಲ್ಲ. ಚಿಕ್ಕ ತಂತಿ ಬಲ್ಬ್ ಆಗಿದ್ದರೆ ಬೆಳಕು ಹಳದಿಗೆ ವಾಲಿರುತ್ತೆ, ಆರಿಸಿದಾಗ ಅರೆಕ್ಷಣ ಕೆಂಪಾಗಿ ಮಾಯವಾಗುತ್ತೆ. ಎಲ್‌ಇಡಿ ಥಟ್ಟನೆ ಆರುತ್ತೆ. ಗುಂಡಿ ಒತ್ತಿ ಬಿಡುವ ವಿಡಿಯೊ ಕಳಿಸಿ ಅಂತ ಕೇಳಿ.

ಮುಚ್ಚಳ ತೆಗೆದ ಫೋಟೋ ಕೂಡ ಬೇಕು. ಒಳಗೆ ಐಸಿ (ಎಲೆಕ್ಟ್ರಾನಿಕ್ ಚಿಪ್) ಇದ್ದರೆ ಅದರ ಮೈಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿಯ ತಾರೀಖು ಗುರುತು ಇರುತ್ತೆ. 9014 ಅಂದರೆ 1990ರ 14ನೇ ವಾರ. ಇಷ್ಟು ಸುಲಭದ ಪರೀಕ್ಷೆಯನ್ನು ಯಾಕೋ ಯಾರೂ ಮಾಡೋದಿಲ್ಲ. ಬದಲಿಗೆ ಕಪ್ಪು ದೀಪ (ಅತಿನೇರಳೆ ಬೆಳಕು) ಹಿಡಿದು ಸರ್ಟಿಫಿಕೇಟ್ ಹೊಳೆಯುತ್ತಾ ನೋಡ್ತಾರೆ. ಕಾಗದಕ್ಕೆ ಹೊಳಪಿನ ರಾಸಾಯನಿಕ ಸೇರಿಸೋದು 1950ರ ದಶಕದಿಂದಲೇ ಇದೆ, ಹಾಗಾಗಿ 1990ರ ಕಾಗದಕ್ಕೂ ಈಗಿನದಕ್ಕೂ ಅದರಿಂದ ವ್ಯತ್ಯಾಸ ಸಿಗೋದಿಲ್ಲ.

ಇನ್ನು ಮೈ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿಗೆ ರೀಕಾಸ್ಟ್ ಅಂತೀವಿ. ಸಿಲಿಕೋನ್ ಅಚ್ಚೂ ರೆಸಿನ್ನೂ ಸ್ವಲ್ಪ ಸ್ವಲ್ಪ ಕುಗ್ಗುತ್ತವೆ. ಎರಡೂ ಸೇರಿ ಒಂದು ತಲೆಮಾರಿಗೆ ಸುಮಾರು ಅರ್ಧದಿಂದ ಒಂದು ಶೇಕಡಾ ಅಂತಿಟ್ಟುಕೊಳ್ಳಿ. 200 ಮಿಲಿಮೀಟರ್ ಉದ್ದದಲ್ಲಿ ಒಂದೆರಡು ಮಿಲಿಮೀಟರ್ ಕಡಿಮೆ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಮೂರು ಕಡೆ ಅಳೆದು, ಮೂಲ ಗೊತ್ತಿರುವ ಇನ್ನೊಂದು ಫೇಸರ್‌ನ ಅಳತೆ ಜೊತೆ ಹೋಲಿಸಬೇಕು. ಅಂಚುಗಳು ಸವೆದ ಸೋಪಿನ ಹಾಗೆ ಮೊಂಡಾಗಿದ್ದರೂ ಅನುಮಾನ ಪಡಿ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಗೀರು. ಅಸಲಿಯಲ್ಲಿ ಗೀರು ಬಣ್ಣವನ್ನು ಕಿತ್ತುಕೊಂಡು ಹೋಗಿರುತ್ತೆ, ತಳದ ರೆಸಿನ್ ಕಾಣುತ್ತೆ. ರೀಕಾಸ್ಟ್‌ನಲ್ಲಿ ಅದೇ ಗೀರು ಬಣ್ಣದ ಅಡಿಯಲ್ಲಿ ಹಳ್ಳವಾಗಿ ಕೂತಿರುತ್ತೆ, ಮೇಲೆ ಬಣ್ಣ ಅಖಂಡ. ಪಕ್ಕದಿಂದ ಟಾರ್ಚ್ ಬಿಟ್ಟು ತೆಗೆದ ಫೋಟೋದಲ್ಲಿ ಇದು ಚೆನ್ನಾಗಿ ತಿಳಿಯುತ್ತೆ.

ಹಳೇ_ಲಾಟ್

ಫೋಟೋ ಇಲ್ಲದ ಸರ್ಟಿಫಿಕೇಟನ್ನು ಯಾವ ಫೇಸರ್ ಪಕ್ಕ ಬೇಕಾದರೂ ಇಡಬಹುದು. ಕೇಳಬೇಕಾದ್ದು ಕೈಬದಲಾದ ಸರಪಳಿ. 2006ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜು ಸಂಸ್ಥೆ ಮೂರು ದಿನ ಸ್ಟಾರ್ ಟ್ರೆಕ್ ಸ್ಟುಡಿಯೊ ಉಗ್ರಾಣದ ಸಾವಿರಕ್ಕೂ ಹೆಚ್ಚು ಲಾಟ್ (ನಂಬರ್ ಹಾಕಿ ಕೂಗುವ ಸಾಮಾನು) ಹರಾಜು ಹಾಕಿತು. ಧಾರಾವಾಹಿಯ ನೌಕೆ ಎಂಟರ್‌ಪ್ರೈಸ್-ಡಿ ಮಾದರಿ ಪ್ರೀಮಿಯಂ (ಕೊಂಡವರು ಹರಾಜು ಸಂಸ್ಥೆಗೆ ಕೊಡುವ ಕಮಿಷನ್) ಸೇರಿ 5,76,000 ಡಾಲರಿಗೆ ಹೋದದ್ದು ಅಲ್ಲೇ. ಅದಾದಮೇಲೆ ಉಗ್ರಾಣದ ಇನ್ನಷ್ಟು ಸಾಮಾನು ಇಬೇಯಲ್ಲಿ ಮಾರಾಟವಾಯಿತು. ಈ ಎರಡರಲ್ಲಿ ಒಂದರಿಂದ ಬಂದಿದ್ದರೆ ಲಾಟ್ ನಂಬರೋ ರಸೀದಿಯೋ ಇರಲೇಬೇಕು.

ವಿವರಣೆಯ ಪದ ಗಮನಿಸಿ. 'ಸ್ಕ್ರೀನ್ ಯೂಸ್ಡ್' ಅಂದರೆ ಪರದೆಯ ಮೇಲೆ ಬಂದದ್ದು. 'ಪ್ರೊಡಕ್ಷನ್ ಮೇಡ್' ಅಂದರೆ ಚಿತ್ರೀಕರಣಕ್ಕೆಂದು ಮಾಡಿದ್ದು, ಕ್ಯಾಮೆರಾ ಮುಂದೆ ಬಂದಿರಲೇಬೇಕೆಂದಿಲ್ಲ. ಮೊದಲನೆಯದು ಅಂತ ಹೇಳಿದ್ದರೆ ಯಾವ ಕಂತು, ಯಾವ ದೃಶ್ಯ ಅಂತ ಕೇಳಿ. ನೆಕ್ಸ್ಟ್ ಜನರೇಷನ್ ಮೂಲ ಫಿಲ್ಮಿನಿಂದ ಮತ್ತೆ ಸ್ಕ್ಯಾನ್ ಆಗಿ 2012ರಿಂದ 2014ರೊಳಗೆ ಬ್ಲೂ-ರೇಯಲ್ಲಿ ಬಂದಿದೆ, ಆದ್ದರಿಂದ ಬಣ್ಣ ಎದ್ದ ಜಾಗ, ಸ್ಟಿಕ್ಕರ್ ಓರೆ ಕೂತದ್ದನ್ನೆಲ್ಲ ಹತ್ತಿರದ ಶಾಟ್‌ನಲ್ಲಿ ಹೋಲಿಸಬಹುದು. ಸ್ಟಾರ್ ಟ್ರೆಕ್‌ನ ಇನ್ನೆರಡು ಧಾರಾವಾಹಿ ಡೀಪ್ ಸ್ಪೇಸ್ ನೈನ್, ವಾಯೇಜರ್‌ಗೆ ಆ ಭಾಗ್ಯ ಇಲ್ಲ, ಡಿವಿಡಿಯ ಮಸುಕಿನಲ್ಲಿ ಗೀರು ಹುಡುಕೋದು ಕಷ್ಟ.

ಅಸಲಿಯಾದರೂ ಮಾರುವ ಹಕ್ಕು ಇರಬೇಕು. ಮೊದಲ ಸರಣಿಯ ಮೂರಡಿಯ ಎಂಟರ್‌ಪ್ರೈಸ್ ಮಾದರಿ ದಶಕಗಳ ಕಾಲ ಕಾಣೆಯಾಗಿದ್ದು 2023ರಲ್ಲಿ ಇಬೇಯಲ್ಲಿ ಕಾಣಿಸಿತು. 2024ರಲ್ಲಿ ಅದನ್ನು ಸ್ಟಾರ್ ಟ್ರೆಕ್ ಸೃಷ್ಟಿಸಿದ ರಾಡನ್‌ಬೆರಿ ಅವರ ಕುಟುಂಬಕ್ಕೆ ಮರಳಿಸಲಾಯಿತು.

ಟ್ರೈಕಾರ್ಡರ್_ಬೆಂಗಳೂರು

ವಿಡಿಯೊ ಬಂತು. ಬೆಳಕು ಥಟ್ಟನೆ ಆರುತ್ತೆ. ಐಸಿ ಮೇಲೆ 0418 ಅಂತಿದೆ. ಮೈಮೇಲಿನ ಗೀರುಗಳಲ್ಲಿ ಬಣ್ಣ ಕಿತ್ತುಹೋಗಿ ತಿಳಿ ಬೂದು ರೆಸಿನ್ ಕಾಣ್ತಿದೆ. ಹಿಂಬದಿಯಲ್ಲಿ ಹಳೇ ವೆಲ್‌ಕ್ರೋ ಅಂಟಿದೆ.

ರೆಸಿನ್_ಕೈ

0418 ಅಂದರೆ 2004ರ 18ನೇ ವಾರ. ವಿದ್ಯುತ್ ಭಾಗ ಖಂಡಿತ ಆಮೇಲಿನದು. ಮೈ ಅಸಲಿ ಇರಬಹುದು, ಹೊಸ ಮೈಗೆ ಗೀರಿ ಹಳೆಯದು ಮಾಡಿರಲೂಬಹುದು, ಅಳತೆ ಬರದೆ ತೀರ್ಮಾನ ಬೇಡ. ಅಳತೆ ಕೂಡಿದರೂ ಇದಕ್ಕೆ ದೀಪ ಸಹಿತ ಇರುವ ಹೀರೋ ಪ್ರಾಪ್‌ನ (ಹತ್ತಿರದ ಶಾಟ್‌ಗೆಂದು ಮಾಡಿದ ವಸ್ತುವಿನ) ಬೆಲೆ ಕೊಡಬೇಡಿ. ಒಳಗೆ ಏನೂ ಇಲ್ಲದ ಮೈಗೆ ಎಷ್ಟು ಕೊಡ್ತೀರೋ ಅಷ್ಟಕ್ಕೇ ನಿಲ್ಲಿಸಿ.

ಸುಂಕದ_ಲೆಕ್ಕ

ಮಿತಿ 3,000 ಅಂದರೆ ಅದು ಹ್ಯಾಮರ್ ಬೆಲೆಯೋ (ಹರಾಜಿನ ಕೊನೆಯ ಕೂಗು) ಒಟ್ಟು ಖರ್ಚೋ, ಕೂಗುವ ಮೊದಲೇ ಬರೆದಿಡಿ. ಹ್ಯಾಮರ್ 3,000, ಬಯರ್ಸ್ ಪ್ರೀಮಿಯಂ 25 ಶೇಕಡಾ ಇದ್ದರೆ 750, ಪ್ಯಾಕಿಂಗ್, ವಿಮಾನ ಸಾಗಣೆ, ವಿಮೆಗೆ 250 ಅಂತಿಟ್ಟುಕೊಂಡರೂ 4,000 ಆಯಿತು. ಕಸ್ಟಮ್ಸ್ ಲೆಕ್ಕಕ್ಕೆ ಸಾಗಣೆ, ವಿಮೆಯೂ ಸೇರುತ್ತೆ. ಅದರ ಮೇಲೆ ಡ್ಯೂಟಿ, ಎರಡೂ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ (ಆಮದಿಗೆ ಹಾಕುವ ಜಿಎಸ್‌ಟಿ). ಒಟ್ಟು 3,000ದೊಳಗೇ ಮುಗಿಯಬೇಕಾದರೆ ಹ್ಯಾಮರ್ 2,000 ದಾಟಬಾರದು, ಸುಂಕದ ದರ ನೋಡಿ ಇನ್ನೂ ಇಳಿಸಬೇಕಾದೀತು.

'ಗಿಫ್ಟ್, 50 ಡಾಲರ್' ಅಂತ ಬರೆದು ಕಳಿಸ್ತೀವಿ ಅಂದರೆ ಬೇಡ ಅನ್ನಿ. ಸಿಕ್ಕಿಬಿದ್ದರೆ ದಂಡ, ದಾರಿಯಲ್ಲಿ ಒಡೆದರೆ ವಿಮೆಯೂ ಕೈಕೊಡುತ್ತೆ. ಬ್ಯಾಟರಿ ತೆಗೆಸಿ. ಪಾರ್ಸೆಲ್ ಮೇಲೆ 'ಟಿವಿ ಧಾರಾವಾಹಿಯ ರೆಸಿನ್ ಪ್ರಾಪ್, ಆಯುಧವಲ್ಲ' ಅಂತ ಸ್ಪಷ್ಟವಾಗಿ ಇಂಗ್ಲಿಷಿನಲ್ಲಿ ಬರೆಸಿ, ಲಾಟ್ ಪುಟದ ಪ್ರತಿ ಒಳಗಿಡಿಸಿ. ಎಕ್ಸ್-ರೇಯಲ್ಲಿ ವೈರು, ಗುಂಡಿ ಕಂಡರೆ ಪೆಟ್ಟಿಗೆ ತೆರೆಯೋದು ಸಹಜ.

ಹಳೇ_ಲಾಟ್

ಇಡೋ ವಿಚಾರ. ರೆಸಿನ್‌ಗೆ ಶತ್ರು ಬಿಸಿಲು ಮತ್ತು ಸೆಖೆ: ಹಳದಿಯಾಗುತ್ತೆ, ಮೊಳೆಗೆ ನೇತುಹಾಕಿದರೆ ನಿಧಾನಕ್ಕೆ ಬಾಗುತ್ತೆ. ಮೈಯಿಡೀ ಆನುವಂತೆ ಪಾಲಿಎಥಿಲೀನ್ ಫೋಮ್ ಕೊರೆದು ಮಲಗಿಸಿ. ಪಿವಿಸಿ ಹಾಳೆ ಸುತ್ತಬೇಡಿ, ಅದರೊಳಗಿನ ಎಣ್ಣೆ ಬಣ್ಣಕ್ಕಿಳಿದು ಅಂಟಂಟಾಗುತ್ತೆ. ತೇವಾಂಶ 45-50 ಶೇಕಡಾ ಸಾಕು. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಜೊತೆ ಅಗ್ಗದ ತೇವಮಾಪಕವನ್ನೂ ಇಡಿ. ಮುಂದೆ ಸ್ಟಂಟ್ ಪ್ರಾಪ್ (ಹೊಡೆದಾಟದ ದೃಶ್ಯಕ್ಕೆ ಮೆತ್ತಗೆ ಮಾಡಿದ್ದು) ಕೊಳ್ಳೋದಾದರೆ ಇನ್ನೂ ಜೋಪಾನ, ಪಾಲಿಯುರಿಥೇನ್ ಫೋಮ್ ತೇವಕ್ಕೆ ಪುಡಿಪುಡಿಯಾಗುತ್ತೆ, ಆಮೇಲೆ ಏನು ಮಾಡಿದರೂ ಕೂಡೋದಿಲ್ಲ.

ಹಿಂಬದಿಯ ವೆಲ್‌ಕ್ರೋ ಕೀಳಬೇಡಿ, ಎದ್ದ ಬಣ್ಣಕ್ಕೆ ಟಚಪ್ ಕೂಡ ಬೇಡ. ಬ್ಲೂ-ರೇ ಜೊತೆ ಹೋಲಿಸೋಕೆ ಇರೋದು ಅವೇ.